ಹಸಿರು ಹುಲ್ಲು ಸಿಗದ ಊರಿನಲ್ಲಿ ಮೊಲ ಸಾಕುವುದು ಹೇಗೆ?

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿ.ಮೀ. ಆಸುಪಾಸು. ಅದರಲ್ಲಿ ಬಹುಪಾಲು ಜೂನ್‌ನಿಂದ ಅಕ್ಟೋಬರ್ ಒಳಗೆ ಮುಗಿದುಹೋಗುತ್ತದೆ. ಶಿವರಾತ್ರಿ ದಾಟುವ ಹೊತ್ತಿಗೆ ನೆಲ ಬೋಳು. ತುಂಗಭದ್ರೆಯ ಕಾಲುವೆ ದಂಡೆ ಬಿಟ್ಟರೆ ಹಸಿ ಹುಲ್ಲು ಸಿಗುವುದು ಕಷ್ಟ. ಇದೇ ಸಮಯಕ್ಕೆ ಮಕ್ಕಳಿಗೆ ಬೇಸಿಗೆ ರಜೆ ಬರುತ್ತದೆ. ಮೀನು, ಲವ್ ಬರ್ಡ್ಸ್ ಮಾರುವ ಅಂಗಡಿಯಲ್ಲಿ ಬಿಳಿ ಮೊಲದ ಮರಿ ಕಂಡರೆ ಅವರು ಬಿಡುವುದಿಲ್ಲ. ಮರಿ ಮನೆಗೆ ಬಂದ ಮೇಲೆ ಚಿಂತೆ ಶುರುವಾಗುತ್ತದೆ. ಮೊಲ ಹುಲ್ಲು ತಿನ್ನುವ ಪ್ರಾಣಿ. ನಮ್ಮ ಓಣಿಯಲ್ಲಿ ಹುಲ್ಲೇ ಇಲ್ಲ. ಇದನ್ನು ಚೆನ್ನಾಗಿ ಇಟ್ಟುಕೊಳ್ಳಲು ಆಗುತ್ತಾ?

ಆಗುತ್ತದೆ. ಹಸಿ ಹುಲ್ಲು ಮೊಲಕ್ಕೆ ತುಂಬಾ ಇಷ್ಟ, ಆದರೆ ಅದು ಇಲ್ಲದೆಯೂ ಆರೋಗ್ಯವಾಗಿ ಇರಬಲ್ಲದು. ಹುಲ್ಲು ಮಾಡುವ ಕೆಲಸಗಳು ಮಾತ್ರ ನಿಲ್ಲಬಾರದು. ಹುಲ್ಲು ಹಲ್ಲು ಸವೆಸುತ್ತದೆ. ಕರುಳು ನಡೆಯುವಂತೆ ಮಾಡುತ್ತದೆ. ಮೈಗೆ ನೀರು ಕೊಡುತ್ತದೆ. ದಿನದಲ್ಲಿ ಎಷ್ಟೋ ತಾಸು ಮೊಲಕ್ಕೆ ಮಾಡಲು ಏನಾದರೂ ಇರುವಂತೆ ನೋಡಿಕೊಳ್ಳುತ್ತದೆ. ಈ ನಾಲ್ಕನ್ನೂ ಬೇರೆ ದಾರಿಯಿಂದ ಕೊಡಬಹುದು.

ಇಲ್ಲಿ ಹೇಳುತ್ತಿರುವುದು ಸಾಕು ಮೊಲದ ಬಗ್ಗೆ. ಅದರ ಮೂಲ ಸ್ಪೇನ್, ಪೋರ್ಚುಗಲ್ ಕಡೆಯದು. ನಮ್ಮ ಹೊಲಗಳಲ್ಲಿ ಓಡುವ ಕಂದು ಮೊಲ ಬೇರೆಯೇ ಜಾತಿ. ಅದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಹಿಡಿದು ಸಾಕುವಂತಿಲ್ಲ. ಹೊಲದಲ್ಲಿ ಅದರ ಮರಿ ಒಂಟಿಯಾಗಿ ಕಂಡರೆ ಅನಾಥ ಎಂದುಕೊಳ್ಳಬೇಡಿ. ತಾಯಿ ಹಾಲು ಕೊಡಲು ಮಾತ್ರ ಬಂದು ಹೋಗುತ್ತದೆ. ಮರಿಯನ್ನು ಇದ್ದಲ್ಲೇ ಬಿಡಿ.

ಮೊಲದ ಬಾಯಿ, ಮೊಲದ ಹೊಟ್ಟೆ

ಮೊಲಕ್ಕೆ 28 ಹಲ್ಲು. ಎಲ್ಲವೂ ಸಾಯುವ ತನಕ ಬೆಳೆಯುತ್ತಲೇ ಇರುತ್ತವೆ. ಮುಂದಿನ ಹಲ್ಲುಗಳು ವಾರಕ್ಕೆ ಸುಮಾರು 2ರಿಂದ 3 ಮಿ.ಮೀ. ಬೆಳೆಯುತ್ತವೆ. ಹೀಗೆ ಬೆಳೆಯುವುದನ್ನು ಸವೆಸಲು ದಿನವಿಡೀ ಏನಾದರೂ ಅರೆಯುತ್ತಿರಬೇಕು. ಹುಲ್ಲಿನ ಉದ್ದ ಎಳೆಯನ್ನು ತಿನ್ನುವಾಗ ಮೊಲದ ದವಡೆ ಎಡಕ್ಕೆ ಬಲಕ್ಕೆ ಆಡುತ್ತದೆ. ಹಿಂದಿನ ಹಲ್ಲುಗಳು ಒಂದಕ್ಕೊಂದು ಉಜ್ಜಿ ಸಮನಾಗಿ ಸವೆಯುತ್ತವೆ. ಗಜ್ಜರಿ ಅಥವಾ ಬಿಸ್ಕತ್ತು ತಿನ್ನುವಾಗ ಇದು ನಡೆಯುವುದಿಲ್ಲ. ಕಟುಂ ಅಂತ ಮುರಿದು ನುಂಗಿಬಿಡುತ್ತದೆ. ಹಲ್ಲು ಸವೆಯದಿದ್ದರೆ ಅಂಚು ಚೂಪಾಗಿ ಬೆಳೆದು ನಾಲಿಗೆ, ಕೆನ್ನೆಗೆ ಚುಚ್ಚುತ್ತದೆ. ಗದ್ದ ಒದ್ದೆಯಾಗಿ ಜೊಲ್ಲು ಸುರಿಸುವ ಮೊಲ ಕಂಡರೆ ಮೊದಲು ಅನುಮಾನ ಪಡಬೇಕಾದದ್ದು ಹಲ್ಲಿನ ಮೇಲೆ.

ಇನ್ನು ಹೊಟ್ಟೆ. ಆಕಳು ಮೇವನ್ನು ಮೊದಲು ಹೊಟ್ಟೆಯಲ್ಲಿ ಕೊಳೆಸಿ, ಮತ್ತೆ ಬಾಯಿಗೆ ತಂದು ಮೆಲುಕು ಹಾಕುತ್ತದೆ. ಮೊಲ ಮೆಲುಕು ಹಾಕುವುದಿಲ್ಲ. ಅದಕ್ಕೆ ವಾಂತಿ ಮಾಡಲೂ ಬರುವುದಿಲ್ಲ. ಒಳಗೆ ಹೋದದ್ದು ಮುಂದೆ ಸಾಗಲೇಬೇಕು. ಸಣ್ಣ ಕರುಳು, ದೊಡ್ಡ ಕರುಳು ಕೂಡುವ ಕಡೆ ಅದಕ್ಕೆ ಸೀಕಂ ಎನ್ನುವ ದೊಡ್ಡ ಚೀಲವಿದೆ. ಅಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳು ಇದ್ದು ಮೇವನ್ನು ಹುದುಗಿಸುತ್ತವೆ. ಊರಿನ ಗೋಬರ್ ಗ್ಯಾಸ್ ಗುಂಡಿಯನ್ನು ನೆನೆಸಿಕೊಳ್ಳಿ. ದಿನಾ ಅದದೇ ಸಗಣಿ, ಹದವಾದ ನೀರು ಹಾಕುತ್ತಿದ್ದರೆ ಒಲೆ ಚೆನ್ನಾಗಿ ಉರಿಯುತ್ತದೆ. ಹಾಕುವುದನ್ನು ನಿಲ್ಲಿಸಿದರೆ ಅಥವಾ ಒಮ್ಮೆಲೇ ಬೇರೆ ಏನೋ ಸುರಿದರೆ ಒಳಗಿನ ಜೀವಿಗಳು ಸತ್ತು ಗುಂಡಿ ಕೆಡುತ್ತದೆ. ಮೊಲದ ಸೀಕಂ ಕೂಡ ಹಾಗೇ ನಡೆಯುತ್ತದೆ, ಹಾಗೇ ಕೆಡುತ್ತದೆ.

ಹುಲ್ಲಿನಲ್ಲಿರುವ ನಾರು ಎರಡು ಕೆಲಸ ಮಾಡುತ್ತದೆ. ದಪ್ಪ ನಾರು ಜೀರ್ಣವಾಗದೆ ಕರುಳನ್ನು ತಳ್ಳುತ್ತಾ ಹೋಗಿ ಒಣ ಹಿಕ್ಕೆಯಾಗಿ ಹೊರಬೀಳುತ್ತದೆ. ಆರೋಗ್ಯವಾದ ಮೊಲ ದಿನಕ್ಕೆ 200–300 ಹಿಕ್ಕೆ ಹಾಕುತ್ತದೆ. ಸಣ್ಣ ಚೂರುಗಳು ಸೀಕಂಗೆ ಹೋಗಿ, ಹುದುಗಿ, ದ್ರಾಕ್ಷಿ ಗೊಂಚಲಿನಂತೆ ಅಂಟಿಕೊಂಡ ಮೆತ್ತನೆಯ ಹಿಕ್ಕೆಯಾಗುತ್ತವೆ. ಇದನ್ನು ಮೊಲ ತಾನೇ ಬಾಯಿ ಹಾಕಿ ತಿನ್ನುತ್ತದೆ. ನೋಡಿದವರು ಹೇಸಿಗೆ ಪಟ್ಟು ಬಿಡಿಸಲು ಹೋಗುತ್ತಾರೆ. ಬಿಡಿಸಬೇಡಿ. ಅದರಲ್ಲಿ ಪ್ರೋಟೀನ್, ಬಿ ಗುಂಪಿನ ವಿಟಮಿನ್ ತುಂಬಿವೆ. ಮೊಲಕ್ಕೆ ಅದು ಊಟ.

ಹಸಿ ಹುಲ್ಲಿನ ಜಾಗಕ್ಕೆ ಒಣಹುಲ್ಲು

ಮೊಲದ ಊಟದಲ್ಲಿ ನೂರಕ್ಕೆ 80–85 ಪಾಲು ಹುಲ್ಲೇ ಇರಬೇಕು. ಹಸಿಯದು ಸಿಗದಿದ್ದರೆ ಒಣಹುಲ್ಲು. ಆದರೆ ಒಣಗಿದ್ದೆಲ್ಲ ಒಂದೇ ಅಲ್ಲ. ಹಸಿರಿರುವಾಗಲೇ, ತೆನೆ ಬಲಿಯುವ ಮುಂಚೆ ಕೊಯ್ದು ಒಣಗಿಸಿದ ಹುಲ್ಲು ಒಂದು ಬಗೆ. ಅದರಲ್ಲಿ ಸತ್ವ ಉಳಿದಿರುತ್ತದೆ, ಬಣ್ಣ ತಿಳಿ ಹಸಿರು, ಮೂಗಿಗೆ ಹಿಡಿದರೆ ಒಳ್ಳೆಯ ವಾಸನೆ. ಕಾಳು ಬಡಿದ ಮೇಲೆ ಉಳಿದ ಒಣ ಮೇವು ಇನ್ನೊಂದು ಬಗೆ. ಅದರ ಸತ್ವವೆಲ್ಲ ಕಾಳಿಗೆ ಹೋಗಿರುತ್ತದೆ. ಮೊಲಕ್ಕೆ ಬೇಕಾದದ್ದು ಮೊದಲನೆಯದು.

ಆನ್‌ಲೈನ್‌ನಲ್ಲಿ ಟಿಮೋಥಿ ಹುಲ್ಲು ಸಿಗುತ್ತದೆ. ಅದು ತಂಪು ದೇಶಗಳ ಬೆಳೆ, ಹೆಚ್ಚಾಗಿ ಹೊರಗಿನಿಂದ ಬರುವಂಥದ್ದು. ಚೆನ್ನಾಗಿದೆ, ಬೆಲೆಯೂ ಜಾಸ್ತಿ. ಓಟ್ಸ್ ಪೈರನ್ನು ಒಣಗಿಸಿ ಮಾರುವವರೂ ಇದ್ದಾರೆ. ದುಡ್ಡು ಹೊಂದಿದರೆ ತರಿಸಿ. ಹೊಂದದಿದ್ದರೆ ನಮ್ಮ ಗರಿಕೆ ಸಾಕು. ಗಣಪತಿಗೆ ಏರಿಸುವ ಅದೇ ಗರಿಕೆಯನ್ನು ಎಷ್ಟೋ ದೇಶಗಳಲ್ಲಿ ಒಣಗಿಸಿ ಮೊಲ, ಕುದುರೆಗೆ ಹಾಕುತ್ತಾರೆ. ಹೈನು ಇರುವವರು ಬೆಳೆಯುವ ಗಿನಿ ಹುಲ್ಲನ್ನೂ ಎಳೆಯದಾಗಿರುವಾಗ ಕೊಯ್ದು ಒಣಗಿಸಬಹುದು.

ಒಣಗಿಸುವ ವಿಷಯದಲ್ಲಿ ನಮ್ಮ ಬಿಸಿಲು ವರ. ಸೆಪ್ಟೆಂಬರ್‌ನಿಂದ ಡಿಸೆಂಬರ್ ಒಳಗೆ, ಹುಲ್ಲು ಚೆನ್ನಾಗಿರುವಾಗ ಕೊಯ್ದು ತೆಳ್ಳಗೆ ಹರಡಿ. ಆಗಾಗ ತಿರುವಿ ಹಾಕಿ. ಮೇಲೆ ಬಿಸಿಲು ಜೋರಾಗಿದ್ದರೆ ನೆರಳಿಗೆ ಎಳೆಯಿರಿ, ಹಸಿರು ಬಣ್ಣ ಉಳಿಯುತ್ತದೆ. ಒಂದು ಕಡ್ಡಿ ಬಗ್ಗಿಸಿದಾಗ ಪಟ್ಟನೆ ಮುರಿದರೆ ಒಣಗಿದೆ ಅಂತ ಅರ್ಥ. ಬಗ್ಗಿದರೆ ಇನ್ನೂ ಹಸಿ ಇದೆ, ಕಟ್ಟಿಟ್ಟರೆ ಬೂಷ್ಟು ಹಿಡಿಯುತ್ತದೆ. ಗೋಣಿಚೀಲದಲ್ಲಿ ತುಂಬಿ, ನೆಲಕ್ಕೆ ತಾಗದಂತೆ ಮಣೆಯ ಮೇಲಿಡಿ. ಪ್ಲಾಸ್ಟಿಕ್ ಚೀಲ ಬೇಡ. ಬೂಷ್ಟು ಕಂಡ ಹುಲ್ಲನ್ನು ಝಾಡಿಸಿ ಹಾಕುವ ಪ್ರಯತ್ನವೂ ಬೇಡ, ಎಸೆಯಿರಿ.

ದಿನಕ್ಕೆ ಎಷ್ಟು? ಕನಿಷ್ಠ ಮೊಲದ ಮೈಗಾತ್ರದಷ್ಟು ರಾಶಿ. ಜಾಸ್ತಿ ಹಾಕಿದರೆ ತೊಂದರೆ ಇಲ್ಲ. ಹುಲ್ಲಿನ ಬುಟ್ಟಿ ಖಾಲಿ ಇರುವ ಹೊತ್ತು ಇರಬಾರದು, ರಾತ್ರಿ ಕೂಡ.

ಕಣಿಕೆ, ಭತ್ತದ ಹುಲ್ಲು, ಶೇಂಗಾ ಬಳ್ಳಿ ಆಗುತ್ತವಾ?

ಇವು ನಮ್ಮಲ್ಲಿ ಸುಲಭವಾಗಿ ಸಿಗುವುದರಿಂದ ಈ ಪ್ರಶ್ನೆ ಬಂದೇ ಬರುತ್ತದೆ. ಗಂಗಾವತಿ, ಸಿಂಧನೂರು, ಸಿರುಗುಪ್ಪದ ಕಡೆ ಭತ್ತದ ಹುಲ್ಲಿಗೆ ಬರವಿಲ್ಲ. ಮೊಲ ಮಲಗಲು ಅದು ತುಂಬಾ ಚೆನ್ನಾಗಿದೆ, ಕಡಿದಾಡಿದರೂ ಕೆಡುಕಿಲ್ಲ. ಆದರೆ ಅದರಲ್ಲಿ ಸತ್ವ ಕಡಿಮೆ, ಅದನ್ನೇ ನಂಬಿದರೆ ಮೊಲ ಸೊರಗುತ್ತದೆ. ಚೆನ್ನಾಗಿ ಒಣಗಿದ ಜೋಳದ ಕಣಿಕೆಯ ಗರಿಯನ್ನು ನಡುನಡುವೆ ಹಾಕಬಹುದು. ಮುಖ್ಯ ಊಟ ಮಾಡಬೇಡಿ.

ಹಸಿ ಜೋಳದ ವಿಷಯದಲ್ಲಿ ಮಾತ್ರ ಎಚ್ಚರ. ಎಳೆ ಪೈರು, ಮಳೆಯಿಲ್ಲದೆ ಬಾಡಿದ ಪೈರು, ಕೊಯ್ದ ಮೇಲೆ ಕೂಳೆಯಿಂದ ಬರುವ ಚಿಗುರು, ಇವುಗಳಲ್ಲಿ ಸೈನೈಡ್ ವಿಷ ಹುಟ್ಟಿಸುವ ಅಂಶ ಇರುತ್ತದೆ. ದನ ಇದನ್ನು ಮೇಯ್ದು ಸತ್ತದ್ದು ರೈತರಿಗೆ ಗೊತ್ತೇ ಇದೆ. ಮೊಳಕೆಯಲ್ಲೂ ಅದು ಇರುತ್ತದೆ. ಮನೆಯಲ್ಲಿ ತಟ್ಟೆಯೊಳಗೆ ಹಸಿರು ಬೆಳೆಸಿ ಮೊಲಕ್ಕೆ ಹಾಕುವ ವಿಡಿಯೊ ನೋಡಿ, ಡಬ್ಬಿಯಲ್ಲಿರುವ ಜೋಳವನ್ನೇ ಬಿತ್ತುವ ಆಸೆ ಬರಬಹುದು. ಬೇಡವೇ ಬೇಡ. ಗೋಧಿ ಬಿತ್ತಿ. ವಾರ, ಹತ್ತು ದಿನಕ್ಕೆ ಗೇಣುದ್ದ ಬರುತ್ತದೆ. ಬೇರಿನಲ್ಲಿ ಬಿಳಿ ಬೂಷ್ಟು ಕಾಣದಿದ್ದರೆ ಮೇಲಿನ ಹಸಿರನ್ನು ಕತ್ತರಿಸಿ ಒಂದು ಹಿಡಿ ಕೊಡಬಹುದು. ಕುಂಡದಲ್ಲಿ ಗರಿಕೆ ನೆಟ್ಟರೆ ಇನ್ನೂ ಒಳ್ಳೆಯದು. ಎರಡು ಕುಂಡ ಇಟ್ಟುಕೊಂಡು, ಒಂದನ್ನು ಮೇಯಿಸಿ ಇನ್ನೊಂದನ್ನು ಚಿಗುರಲು ಬಿಡಿ.

ಶೇಂಗಾ ಬಳ್ಳಿ, ಕುದುರೆ ಮಸಾಲೆ ಎನ್ನುವ ಲೂಸರ್ನ್, ಇವು ದ್ವಿದಳ ಜಾತಿಯವು. ಇವುಗಳಲ್ಲಿ ಪ್ರೋಟೀನ್, ಸುಣ್ಣದ ಅಂಶ ಎರಡೂ ಜಾಸ್ತಿ. ಬೆಳೆಯುವ ಮರಿಗೆ, ಗಬ್ಬದ ಮೊಲಕ್ಕೆ ಲೂಸರ್ನ್ ಒಳ್ಳೆಯದು. ಆರು ತಿಂಗಳು ದಾಟಿದ ಮೊಲಕ್ಕೆ ದಿನಾ ಹಾಕಬಾರದು. ಮೊಲದ ಮೈ ಉಂಡ ಸುಣ್ಣವನ್ನೆಲ್ಲ ಹೀರಿಕೊಂಡು, ಹೆಚ್ಚಾದದ್ದನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಸುಣ್ಣ ವಿಪರೀತವಾದರೆ ಮೂತ್ರಕೋಶದಲ್ಲಿ ಕೆಸರಿನಂತೆ ಕೂತು ಕಲ್ಲಾಗುತ್ತದೆ. ಶೇಂಗಾ ಬಳ್ಳಿಗೆ ಬೂಷ್ಟು ಬೇಗ ಹಿಡಿಯುವುದರಿಂದ ಮೊಲಕ್ಕೆ ಅದನ್ನು ಬಿಟ್ಟುಬಿಡುವುದೇ ಮೇಲು.

ಕಂಡ ಕಂಡ ಹಸಿರು ಕಿತ್ತು ತರಬೇಡಿ

ಬೇಸಿಗೆಯಲ್ಲಿ ಹಸಿ ಹುಲ್ಲು ಇರುವುದು ಕಾಲುವೆ ಪಕ್ಕ, ಗದ್ದೆ ಬದುವಿನಲ್ಲಿ. ಅಲ್ಲೇ ಭತ್ತ, ಹತ್ತಿ, ಮೆಣಸಿನಕಾಯಿಗೆ ಔಷಧಿ ಹೊಡೆಯುತ್ತಾರೆ. ಹೊಡೆದ ಔಷಧಿ ಬದುವಿನ ಹುಲ್ಲಿಗೂ ಬೀಳುತ್ತದೆ. ಎರಡು ಕಿಲೋ ತೂಗುವ ಪ್ರಾಣಿಗೆ ಅದರ ಸ್ವಲ್ಪ ಅಂಶವೇ ಅಪಾಯ. ಅದಿರು ಲಾರಿ ಓಡಾಡುವ ರಸ್ತೆ ಪಕ್ಕದ ಹುಲ್ಲಿನ ಮೇಲೆ ಕೆಂಪು ದೂಳಿನ ಪದರವೇ ಇರುತ್ತದೆ. ನಾಯಿಗಳು ಓಡಾಡುವ ಪಾರ್ಕಿನ ಹುಲ್ಲೂ ಬೇಡ. ಯಂತ್ರದಲ್ಲಿ ಕತ್ತರಿಸಿ ರಾಶಿ ಹಾಕಿದ ಲಾನ್ ಹುಲ್ಲು ಒಳಗೊಳಗೇ ಬಿಸಿಯಾಗಿ ಹುಳಿಯುತ್ತದೆ, ಅದನ್ನು ತಿಂದ ಮೊಲದ ಹೊಟ್ಟೆ ಉಬ್ಬುತ್ತದೆ.

ಗಿಡಗಳಲ್ಲೂ ಹಾಗೇ. ಬಳ್ಳಾರಿ ಜಾಲಿ ಎಂಥ ಬೇಸಿಗೆಯಲ್ಲೂ ಹಸಿರಾಗಿರುತ್ತದೆ. ಆದರೆ ಅದರ ಎಲೆಯನ್ನು ದನಗಳೇ ಮುಟ್ಟುವುದು ಕಡಿಮೆ, ಮೇಲೆ ಮುಳ್ಳು ಬೇರೆ. ರಸ್ತೆ ನಡುವೆ ಹೂ ಬಿಡುವ ಕಣಗಿಲು, ಎಕ್ಕ, ಔಡಲ, ಲಂಟಾನ, ಕಾಂಗ್ರೆಸ್ ಗಿಡ, ಇವೆಲ್ಲ ವಿಷ. ಕಣಗಿಲ ಸೊಪ್ಪಂತೂ ಒಂದೆರಡು ಎಲೆಯೂ ಮೊಲದ ಹತ್ತಿರ ಸುಳಿಯಬಾರದು.

ಸೊಪ್ಪು ಎಷ್ಟು, ರೊಟ್ಟಿ ಯಾಕೆ ಬೇಡ

ಹಸಿ ಹುಲ್ಲಿನಿಂದ ಸಿಗುತ್ತಿದ್ದ ನೀರಿನ ಅಂಶವನ್ನು ಸೊಪ್ಪಿನಿಂದ ತುಂಬಬಹುದು. ಕೊತ್ತಂಬರಿ, ಪುದೀನ, ತುಳಸಿ, ಮೂಲಂಗಿ ಸೊಪ್ಪು, ಗಜ್ಜರಿಯ ಮೇಲಿನ ಸೊಪ್ಪು ದಿನಕ್ಕೆರಡು ಹಿಡಿ ಕೊಡಿ. ಬದಲಾಯಿಸಿ ಬದಲಾಯಿಸಿ ಹಾಕಿ. ಮೆಂತ್ಯ, ನುಗ್ಗೆ ಸೊಪ್ಪು ಸ್ವಲ್ಪ ಸ್ವಲ್ಪ. ಪಾಲಕ್, ರಾಜಗಿರಿ, ಪುಂಡಿಪಲ್ಲೆಯಲ್ಲಿ ಆಕ್ಸಲೇಟ್ ಎಂಬ ಅಂಶ ಜಾಸ್ತಿ, ವಾರಕ್ಕೊಮ್ಮೆ ನಾಲ್ಕು ಎಲೆ ಸಾಕು. ಮಾರ್ಕೆಟ್ ಸೊಪ್ಪಿಗೂ ಔಷಧಿ ಹೊಡೆದಿರುತ್ತಾರೆ ಅಲ್ವಾ, ಅದಕ್ಕೇ ಎರಡು ಮೂರು ನೀರಿನಲ್ಲಿ ತೊಳೆಯಿರಿ. ಉಳ್ಳಾಗಡ್ಡಿ, ಬೆಳ್ಳುಳ್ಳಿ, ಆಲೂಗಡ್ಡೆ, ಟೊಮೆಟೊ ಗಿಡದ ಎಲೆ ಯಾವತ್ತೂ ಬೇಡ.

ಮೊಲ ಅಂದರೆ ಗಜ್ಜರಿ ಎಂದು ಕಾರ್ಟೂನ್ ನಮಗೆ ಕಲಿಸಿದೆ. ಗಜ್ಜರಿಯಲ್ಲಿ ಸಕ್ಕರೆ ಇದೆ. ಬೆರಳಿನ ಗೆಣ್ಣಿನಷ್ಟು ಚೂರು ಆಸೆಗೆ ಕೊಡಿ, ಊಟಕ್ಕಲ್ಲ. ಬಾಳೆಹಣ್ಣು, ಸೇಬಿಗೂ ಇದೇ ಲೆಕ್ಕ. ರೊಟ್ಟಿ, ಅನ್ನ, ಮಂಡಕ್ಕಿ, ಬಿಸ್ಕತ್ತು, ನೆನೆಸಿದ ಕಡಲೆ ಇನ್ನೂ ಕೆಟ್ಟವು. ಇವುಗಳ ಹಿಟ್ಟಿನಂಶ ಸೀಕಂ ಸೇರಿದರೆ ಅಲ್ಲಿಯ ಒಳ್ಳೆಯ ಜೀವಿಗಳು ಸೋತು, ಗ್ಯಾಸ್ ಹುಟ್ಟಿಸುವ ಕೆಟ್ಟವು ಹೆಚ್ಚುತ್ತವೆ. ಮೊಲ ಆಸೆಯಿಂದ ತಿನ್ನುತ್ತದೆ ಎನ್ನುವುದು ಕೊಡಲು ಕಾರಣ ಆಗಬಾರದು. ಹಿರಿಯರು ಪ್ರೀತಿಯಿಂದಲೇ ಕೊಡುತ್ತಾರೆ, ಅದಕ್ಕೇ ಮನೆಯವರಿಗೆಲ್ಲ ಮೊದಲೇ ತಿಳಿಸಿ ಹೇಳಬೇಕು.

ಅಂಗಡಿಯಲ್ಲಿ ಸಿಗುವ ಪೆಲೆಟ್, ಅಂದರೆ ಒತ್ತಿ ಮಾಡಿದ ಗುಳಿಗೆಯಂಥ ಆಹಾರ, ಬೆಳೆದ ಮೊಲದ ಒಂದು ಕಿಲೋ ತೂಕಕ್ಕೆ ದಿನಕ್ಕೆ 25 ಗ್ರಾಂ ಮೀರಬಾರದು. ಪೊಟ್ಟಣದ ಮೇಲೆ ನಾರಿನ ಪ್ರಮಾಣ ನೋಡಿ, ನೂರಕ್ಕೆ 18ಕ್ಕಿಂತ ಕಡಿಮೆ ಇದ್ದರೆ ಬಿಡಿ. ಬಣ್ಣಬಣ್ಣದ ಕಾಳು ಬೆರೆಸಿದ್ದು ಬೇಡ. ಯಾವುದನ್ನೇ ಹೊಸದಾಗಿ ಶುರು ಮಾಡಿದರೂ ಹಳೆಯದರ ಜೊತೆ ಬೆರೆಸುತ್ತಾ ವಾರ, ಹತ್ತು ದಿನದಲ್ಲಿ ಬದಲಾಯಿಸಿ.

ನೀರು ಕಿಲೋ ತೂಕಕ್ಕೆ ದಿನಕ್ಕೆ 50ರಿಂದ 150 ಮಿ.ಲೀ. ಬೇಕು. ಒಣಹುಲ್ಲೇ ಊಟವಾದಾಗ, ಅದೂ ಬೇಸಿಗೆಯಲ್ಲಿ, ಇನ್ನೂ ಹೆಚ್ಚು ಕುಡಿಯಬಹುದು. ನಳಿಕೆಯ ಬಾಟಲಿಗಿಂತ ಭಾರದ ಮಣ್ಣಿನ ಬಟ್ಟಲಿನಲ್ಲಿ ಮೊಲ ಜಾಸ್ತಿ ಕುಡಿಯುತ್ತದೆ.

ಹುಲ್ಲಿಗಿಂತ ದೊಡ್ಡ ಚಿಂತೆ ಬಿಸಿಲು

ನಮ್ಮ ಜಿಲ್ಲೆಗಳಲ್ಲಿ ಹುಲ್ಲಿಲ್ಲದೆ ಕಷ್ಟಪಡುವ ಮೊಲಕ್ಕಿಂತ ಸೆಕೆಗೆ ಜೀವ ಹೋಗುವ ಮೊಲದ ಬಗ್ಗೆ ಹೆಚ್ಚು ಯೋಚಿಸಬೇಕು. ಮೊಲಕ್ಕೆ ಹಿತವಾದ ಉಷ್ಣತೆ 15ರಿಂದ 20 ಡಿಗ್ರಿ. 28–30 ದಾಟಿದರೆ ಕಷ್ಟ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ದಾಟುವುದು ಮಾಮೂಲು. ಮೊಲ ಬೆವರುವುದಿಲ್ಲ. ನಾಯಿಯಂತೆ ತೇಕಿ ಮೈ ತಂಪು ಮಾಡಿಕೊಳ್ಳುವುದರಲ್ಲೂ ಹಿಂದೆ. ಅದರ ಶಾಖ ಹೊರಹೋಗುವುದು ಮುಖ್ಯವಾಗಿ ಕಿವಿಯಿಂದ. ಕಾಡಿನಲ್ಲಿದ್ದಾಗ ಇದರ ಪೂರ್ವಜರು ಹಗಲೆಲ್ಲ ನೆಲದೊಳಗಿನ ಬಿಲದಲ್ಲಿ ಇರುತ್ತಿದ್ದವು, ಮುಂಜಾನೆ ಸಂಜೆ ಹೊರಗೆ ಬರುತ್ತಿದ್ದವು. ಮಾಳಿಗೆ ಮೇಲೆ ತಗಡಿನ ಕೆಳಗೆ ಪಂಜರ ಇಟ್ಟರೆ ಆ ಪ್ರಾಣಿಗೆ ಓಡಿಹೋಗಲು ಬಿಲ ಇರುವುದಿಲ್ಲ.

ಹಾಗಾಗಿ ಬೇಸಿಗೆಯಲ್ಲಿ ಮೊಲ ಮನೆಯೊಳಗೇ ಇರಲಿ, ಕೆಳಗಿನ ಅಂತಸ್ತಿನ ನಡುಮನೆಯಲ್ಲಿ. ಶಹಾಬಾದ್ ಕಲ್ಲು, ಕಡಪ ಕಲ್ಲಿನ ನೆಲ ಇದ್ದರೆ ಅದೃಷ್ಟ, ಮೊಲ ಹೊಟ್ಟೆ ಒತ್ತಿ ಅಲ್ಲೇ ಮಲಗುತ್ತದೆ. ನುಣುಪು ನೆಲದಲ್ಲಿ ಕಾಲು ಜಾರುವುದರಿಂದ ಅರ್ಧ ಜಾಗಕ್ಕೆ ಗೋಣಿತಾಟು ಹಾಸಿ. ದೊಡ್ಡ ಮಣ್ಣಿನ ಮಡಕೆಯನ್ನು ಅಡ್ಡ ಮಲಗಿಸಿ ಹೊರಮೈಗೆ ನೀರು ಚಿಮುಕಿಸುತ್ತಿದ್ದರೆ ಒಳಗೆ ತಂಪು ಬಿಲ ಸಿದ್ಧ. ಬಾಟಲಿಯಲ್ಲಿ ನೀರು ಗಡ್ಡೆ ಕಟ್ಟಿಸಿ ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ನಮ್ಮದು ಒಣ ಹವೆ, ಆದ್ದರಿಂದ ನೀರಿನ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ. ಬರೀ ಫ್ಯಾನ್ ಸಾಲದು. ಬೆವರದ ಪ್ರಾಣಿಗೆ ಫ್ಯಾನ್ ಗಾಳಿ ನಮಗೆ ಕೊಟ್ಟಷ್ಟು ತಂಪು ಕೊಡುವುದಿಲ್ಲ.

ಬಾಯಿ ತೆರೆದು ಉಸಿರಾಡುವುದು, ಕಿವಿ ಕೆಂಪಾಗಿ ಸುಡುವುದು, ತೂರಾಡುವುದು, ಇವು ಶಾಖ ತಗುಲಿದ ಗುರುತು. ಕಿವಿಗೆ ಒದ್ದೆ ಬಟ್ಟೆ ಸವರಿ, ತಂಪು ಜಾಗಕ್ಕೆ ಒಯ್ಯಿರಿ, ಕೂಡಲೇ ವೈದ್ಯರ ಹತ್ತಿರ ಹೊರಡಿ. ತಣ್ಣೀರಿನಲ್ಲಿ ಮುಳುಗಿಸಬೇಡಿ, ಆ ಆಘಾತಕ್ಕೇ ಜೀವ ಹೋಗಬಹುದು.

ಹಗಲೆಲ್ಲ ಒಳಗಿರುವ ಮೊಲಕ್ಕೆ ಬೆಳಗಿನ ಎಳೆ ಬಿಸಿಲು ಸ್ವಲ್ಪ ಹೊತ್ತು ಬೇಕು. ವಿಟಮಿನ್ ಡಿ ಸಿಗಲು ಅದು ನೆರವಾಗುತ್ತದೆ. ಗಾಜಿನ ಕಿಟಕಿಯ ಬಿಸಿಲಿನಿಂದ ಆ ಕೆಲಸ ಆಗುವುದಿಲ್ಲ. ಸೂರ್ಯ ಹುಟ್ಟಿದ ಮೇಲೆ ಬಾಗಿಲ ಮುಂದೆ ನೆರಳೂ ಇರುವ ಕಡೆ ಕಾವಲಿದ್ದು ಬಿಡಿ.

ಹೊಟ್ಟೆ ತುಂಬಿದ ಮೇಲೆ

ಬಯಲಿನ ಮೊಲ ಮೇಯುತ್ತಾ ಓಡುತ್ತದೆ, ಅಗೆಯುತ್ತದೆ, ಕಡಿಯುತ್ತದೆ. ಬಟ್ಟಲಿನಲ್ಲಿ ಊಟ ಸಿಕ್ಕ ಮೊಲಕ್ಕೆ ಆ ಕೆಲಸವೆಲ್ಲ ತಪ್ಪಿಹೋಗಿ ಬೇಸರ ಹಿಡಿಯುತ್ತದೆ. ಪಂಜರದ ಸರಳು ಕಡಿಯುತ್ತಾ ಕೂರುವುದು ಅದರ ಲಕ್ಷಣ. ಅದಕ್ಕೇ ಒಣಹುಲ್ಲನ್ನು ಸುಮ್ನೆ ಬಟ್ಟಲಿಗೆ ಸುರಿಯಬೇಡಿ. ಬಣ್ಣ ಬಳಿಯದ ಬಿದಿರು ಬುಟ್ಟಿಯಲ್ಲಿ ತುರುಕಿ, ರಟ್ಟಿನ ಡಬ್ಬಿಗೆ ತೂತು ಮಾಡಿ ಅದರೊಳಗೆ ತುಂಬಿ, ನಡುವೆ ಕೊತ್ತಂಬರಿ ಕಡ್ಡಿ ಬಚ್ಚಿಡಿ. ಹುಡುಕಿ ತಿನ್ನಲಿ. ಅಗೆಯಲು ಒಂದು ದೊಡ್ಡ ತೊಟ್ಟಿಯಲ್ಲಿ ಕೆಂಪು ಮಣ್ಣು ಅಥವಾ ಮರಳು ತುಂಬಿಡಿ. ಎರೆ ಮಣ್ಣು ಒದ್ದೆಯಾದರೆ ಪಾದದ ಕೂದಲಿಗೆ ಮೆತ್ತಿಕೊಳ್ಳುತ್ತದೆ. ಕಡಿಯಲು ಔಷಧಿ ಹೊಡೆಯದ ಪೇರಲ, ಹಿಪ್ಪುನೇರಳೆ ರೆಂಬೆ ಒಳ್ಳೆಯದು.

ತಂತಿ ತಳದ ಸಣ್ಣ ಪಂಜರದಲ್ಲಿ ಮೊಲ ನೆಮ್ಮದಿಯಾಗಿರದು. ಅದರ ಪಾದಕ್ಕೆ ನಾಯಿ, ಬೆಕ್ಕಿನಂತೆ ಮೆತ್ತೆ ಇಲ್ಲ, ತಂತಿ ಒತ್ತಿ ಹುಣ್ಣಾಗುತ್ತದೆ. ಜೋಡಿ ಮೊಲಕ್ಕೆ 3 ಮೀಟರ್ ಉದ್ದ, 2 ಮೀಟರ್ ಅಗಲದ ಜಾಗ ಬೇಕು ಎನ್ನುತ್ತಾರೆ ತಿಳಿದವರು. ಅಷ್ಟು ಆಗದಿದ್ದರೆ ಮುಂಜಾನೆ, ಸಂಜೆ ಕೋಣೆಯಲ್ಲಿ ಬಿಡಿ. ವೈರುಗಳನ್ನು ಮಾತ್ರ ಮೇಲೆ ಎತ್ತಿಡಿ, ಹಲ್ಲಿಗೆ ಸಿಕ್ಕರೆ ಬಿಡುವುದಿಲ್ಲ.

ಮೊಲಕ್ಕೆ ಜೊತೆ ಬೇಕು. ಗಂಡು ಹೆಣ್ಣು ಇಟ್ಟರೆ 31 ದಿನಕ್ಕೆ ಮರಿ, ಹೆತ್ತ ದಿನವೇ ಮತ್ತೆ ಗಬ್ಬ ನಿಲ್ಲಬಹುದು. ಎರಡು ಗಂಡು ಬೆಳೆದಂತೆ ರಕ್ತ ಬರುವಂತೆ ಕಾದಾಡುತ್ತವೆ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡುವ, ಮೊಲದ ಅನುಭವ ಇರುವ ವೈದ್ಯರು ಸಿಗುತ್ತಾರಾ ಎಂದು ಜೋಡಿ ತರುವ ಮುಂಚೆಯೇ ವಿಚಾರಿಸಿ.

ಖುಷಿಯಾಗಿರುವ ಮೊಲ ಓಡುತ್ತಾ ಓಡುತ್ತಾ ಗಾಳಿಯಲ್ಲಿ ಜಿಗಿದು ಮೈ ತಿರುಚುತ್ತದೆ. ಧೊಪ್ಪನೆ ಪಕ್ಕಕ್ಕೆ ಉರುಳಿ ಮಲಗುತ್ತದೆ. ತಲೆ ಸವರಿದರೆ ಹಲ್ಲನ್ನು ಮೆಲ್ಲಗೆ ಆಡಿಸುತ್ತದೆ. ಮೈ ಮುದುರಿ ಕೂತು ಹಲ್ಲನ್ನು ಜೋರಾಗಿ ಕಟಕಟ ಎನ್ನಿಸಿದರೆ ಅದು ನೋವು.

ತಿನ್ನುವುದು ನಿಲ್ಲಿಸಿದರೆ

ಮೊಲ ಹತ್ತು ಹನ್ನೆರಡು ತಾಸು ಏನೂ ತಿನ್ನದಿದ್ದರೆ, ಹಿಕ್ಕೆ ಹಾಕದಿದ್ದರೆ, ನಾಳೆ ನೋಡೋಣ ಅನ್ನಬೇಡಿ. ಕರುಳಿನ ಓಟ ನಿಂತಿದೆ ಅಂತ ಅರ್ಥ. ಒಳಗೆ ಗ್ಯಾಸ್ ತುಂಬಿ ನೋವಾಗುತ್ತದೆ, ನೋವಿಗೆ ಇನ್ನೂ ತಿನ್ನುವುದಿಲ್ಲ. ಒಂದೆರಡು ದಿನದಲ್ಲಿ ಜೀವಕ್ಕೇ ಬರುತ್ತದೆ. ಹೊಟ್ಟೆ ಉಬ್ಬಿದ್ದರೆ ಬಾಯಿಗೆ ಏನನ್ನೂ ಬಲವಂತದಿಂದ ಹಾಕಬೇಡಿ. ತಂಪಾದ, ಗಾಳಿಯಾಡುವ ಬುಟ್ಟಿಯಲ್ಲಿ ಹುಲ್ಲು ಹಾಸಿ ಒಯ್ಯಿರಿ.

ನಮ್ಮಲ್ಲಿಯ ಪಶು ಆಸ್ಪತ್ರೆಗಳಿಗೆ ಬರುವುದು ಹೆಚ್ಚಾಗಿ ದನ, ಕುರಿ, ನಾಯಿ. ಆದ್ದರಿಂದ ಮೊಲ ಕೊನೆಯ ಸಲ ತಿಂದದ್ದು ಯಾವಾಗ, ಹಿಕ್ಕೆ ಹಾಕಿದ್ದು ಯಾವಾಗ, ಏನು ತಿಂದಿತ್ತು, ತೂಕ ಎಷ್ಟು ಎನ್ನುವುದನ್ನು ಬರೆದುಕೊಂಡು ಹೋಗಿ. ಕೊನೆಯ ಹಿಕ್ಕೆ ಸಿಕ್ಕರೆ ಕಾಗದದಲ್ಲಿ ಕಟ್ಟಿಕೊಂಡು ಹೋಗಿ. ಔಷಧಿ ಬರೆಯುವಾಗ ಇದು ಮೊಲ ಎಂದು ಇನ್ನೊಮ್ಮೆ ನೆನಪಿಸಲು ಹಿಂಜರಿಯಬೇಡಿ. ಅಮಾಕ್ಸಿಸಿಲಿನ್, ಆಂಪಿಸಿಲಿನ್ ಬಾಯಿಂದ ಕೊಟ್ಟರೆ ಸೀಕಂನ ಒಳ್ಳೆಯ ಜೀವಿಗಳು ನಾಶವಾಗಿ ಮೊಲ ಸಾಯಬಹುದು. ಕ್ಲಿಂಡಾಮೈಸಿನ್‌ನಿಂದಲೂ ಅದೇ ಅಪಾಯ. ನಾಯಿಗೆ ಉಣ್ಣಿ ಹೋಗಲು ಹಾಕುವ ಫಿಪ್ರೊನಿಲ್ ಸ್ಪ್ರೇ ಮೊಲಕ್ಕೆ ವಿಷ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ, ಮನೆಯಲ್ಲಿ ಮಕ್ಕಳಿಗೆ ತಂದು ಉಳಿದ ಯಾವ ಸಿರಪ್ಪನ್ನೂ ಮೊಲದ ಬಾಯಿಗೆ ಹಾಕಬೇಡಿ.